ಕಸ್ತೂರಬಾಯಿಯ ಬೆಸುಗೆ ಬಿಟ್ಟಿರಲಿಲ್ಲ

ಕಸ್ತೂರಬಾಯಿಯ ದೋಣಿಯನ್ನು ಬಂಡೆಗೆ ಹೊಡೆಸಿದವನು ನಾನು. ಹೊಡೆಸಿದ್ದಷ್ಟೇ ಅಲ್ಲ — ಅದು ಅವಳದೇ ಕೈತಪ್ಪು ಎಂದು ದಂಡೆಯ ಮೇಲಿದ್ದ ಎಲ್ಲರೂ ನಂಬುವಂತೆ ಮಾಡಿದವನೂ ನಾನೇ. ಅವಳೂ ನಂಬಿದಳು. ಇಪ್ಪತ್ತಾರು ವರ್ಷ ನಂಬಿಕೊಂಡೇ ಇದ್ದಳು. ಅಷ್ಟೂ ವರ್ಷ ನಾನು ಮೊದಲ ಗೆಲುವಿನ ಹೆಸರು ಹೊತ್ತುಕೊಂಡು ತಿರುಗಿದೆ.

ಹೋದ ತಿಂಗಳು ಭೀಮಾ ನದಿಯ ದಂಡೆಯ ಮೇಲೆ ಇದನ್ನು ಎಲ್ಲರೆದುರು ಹೇಳಿದೆ. ಅವತ್ತು ಅಲ್ಲಿ ಇಲ್ಲದವರಿಗೂ ತಿಳಿಯಬೇಕು, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಹೆಸರು ಶಿವಲಿಂಗಪ್ಪ. ಊರು ನಿಂಬರ್ಗಾ, ವಾಸ ಆಳಂದ. ರೇಡಿಯೋ, ಟಿವಿ ದುರಸ್ತಿ ಕಲಿಸುವ ಮಾಸ್ತರನಾಗಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ನಮ್ಮ ಕಡೆ ನನ್ನನ್ನು ಬಹಳ ಜನ 'ದೋಣಿ ಮಾಸ್ತರ' ಎಂದೇ ಕರೆಯುತ್ತಾರೆ. ದೋಣಿ ಎಂದರೆ ಮನುಷ್ಯರು ಕೂರುವ ದೋಣಿಯಲ್ಲ. ಮೊಳದುದ್ದದ್ದು, ಒಳಗೆ ಸಣ್ಣ ಮೋಟಾರು, ಬ್ಯಾಟರಿ. ದಂಡೆಯ ಮೇಲೆ ನಿಂತು ಕೈಯಲ್ಲಿನ ರೇಡಿಯೋ ಪೆಟ್ಟಿಗೆಯಿಂದ ಎಡಕ್ಕೆ, ಬಲಕ್ಕೆ, ಜೋರಾಗಿ, ನಿಧಾನವಾಗಿ ನಡೆಸುವಂಥದ್ದು.

ಈಗ ಅಫಜಲಪುರದಲ್ಲಿ ಅದಕ್ಕೊಂದು ಸಂಘವಿದೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆಯ ಹುಡುಗ ಹುಡುಗಿಯರು ಭಾನುವಾರ ಭೀಮೆಗೆ ಬರುತ್ತಾರೆ. ಆದರೆ ಶುರುವಾದಾಗ ಇದ್ದವರು ಮೂರೇ ಜನ.

ಮೊದಲನೆಯವನು ಅಫಜಲಪುರದ ಖಾಜಾಸಾಬ. ಗಡಿಯಾರ, ರೇಡಿಯೋ ರಿಪೇರಿ ಅಂಗಡಿ ಅವನದು. ಸೊಲ್ಲಾಪುರದ ಯಾರೋ ಒಬ್ಬರು ಕೆಟ್ಟ ಆಟಿಕೆ ದೋಣಿಯೊಂದನ್ನು ಅಲ್ಲಿ ಬಿಟ್ಟುಹೋದವರು ಮತ್ತೆ ಬರಲಿಲ್ಲ. ಖಾಜಾಸಾಬ ಅದನ್ನು ರಿಪೇರಿ ಮಾಡಿ ಭೀಮೆಯಲ್ಲಿ ಓಡಿಸಿದ. ಬಿಡಿಭಾಗ ಕೊಳ್ಳಲು ಅವನ ಅಂಗಡಿಗೆ ಹೋಗುತ್ತಿದ್ದ ನನಗೂ ಆ ಹುಚ್ಚು ಹತ್ತಿತು. ನಾನು ದೊಡ್ಡದೊಂದು ಮಾಡಹೊರಟೆ. ಅದಕ್ಕೆ ಬಲವಾದ ಮೋಟಾರು ಬೇಕಿತ್ತು. ಕಾರಿನ ವೈಪರಿನ ಮೋಟಾರೊಂದನ್ನು ಹಿಡಿದು ಜೇವರ್ಗಿಯ ರಿವೈಂಡಿಂಗ್ ಅಂಗಡಿಗೆ ಹೋದೆ — ಹೊಲದ ಪಂಪಿನ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ. ಅಂಗಡಿಯ ಯಜಮಾನರು ನನ್ನ ಮೋಟಾರನ್ನು ತಿರುಗಿಸಿ ನೋಡಿ, "ಇಷ್ಟ್ ಸಣ್ಣದು ನನ್ ಕಣ್ಣಿಗಿ ಕಾಣಂಗಿಲ್ರಿ. ನನ್ ಮಗಳ ಕೈಯಾಗ ಕೊಡ್ರಿ" ಎಂದರು.

ಆ ಮಗಳೇ ಕಸ್ತೂರಬಾಯಿ. ಆಗ ಇಪ್ಪತ್ತು ವರ್ಷ. ನಾಲ್ಕು ದಿನ ಬಿಟ್ಟು ಹೋದಾಗ ಮೋಟಾರು ಮೇಜಿನ ಮೇಲೆ ಜೇನಿನಂತೆ ಗುಂಯ್‌ಗುಡುತ್ತಿತ್ತು. "ಇದು ಯಾತಕ್ಕ ಹಾಕ್ತೀರಿ?" ಎಂದು ಕೇಳಿದಳು. ದೋಣಿಗೆ ಎಂದೆ. ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. "ಹಾಂಗಾದ್ರ ನಾನೂ ಒಂದ್ ಮಾಡ್ತೇನಿ" ಎಂದಳು.

ಹೀಗೆ ಮೂವರಾದೆವು. ನಮ್ಮಲ್ಲಿ ನಾನೊಬ್ಬನೇ ಓದಿ ಕಲಿತವನು, ಕಲಿಸುವವನು. ಈ ಅಹಂಕಾರವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಕಸ್ತೂರಬಾಯಿ ತೆಳು ಪ್ಲೈವುಡ್ಡು, ಎಣ್ಣೆ ಡಬ್ಬಿಯ ತಗಡು ಸೇರಿಸಿ ದೋಣಿ ಕಟ್ಟಿದಳು. ನೀರು ದೂಡುವ ರೆಕ್ಕೆಯನ್ನು ಹಳೆಯ ಹಿತ್ತಾಳೆ ಮುಚ್ಚಳದಿಂದ ಕತ್ತರಿಸಿಕೊಂಡಳು. ನನ್ನ ದೋಣಿಯ ತಳ ಚೂಪು, ನಿಜವಾದ ಹಡಗಿನ ಹಾಗೆ. ಅವಳದು ಚಪ್ಪಟೆ, ನಡುವೆ ಒಂದು ಬೆರಳಿನಷ್ಟು ಎತ್ತರದ ಮೆಟ್ಟಿಲು. ನಾನು ತಿದ್ದಲು ಹೋದೆ. ಅವಳು ದಂಡೆಯಿಂದ ಒಂದು ಚಪ್ಪಟೆ ಕಲ್ಲು ಆರಿಸಿ ನೀರಿನ ಮೇಲೆ ಅಡ್ಡಲಾಗಿ ಬೀಸಿದಳು. ಕಲ್ಲು ಐದಾರು ಸಲ ಕುಪ್ಪಳಿಸಿ ಹೋಯಿತು. "ಕಲ್ಲ ಮುಳಗ್ಲಿಲ್ಲ ನೋಡ್ರಿ ಸರ. ಜೋರ್ ಇದ್ದಷ್ಟ್ ಹೊತ್ತು ಮ್ಯಾಲೇ ಇರ್ತದ." ನನ್ನ ದೋಣಿ ನೀರು ಸೀಳಿಕೊಂಡು ಹೋಗುತ್ತಿತ್ತು. ಅವಳ ದೋಣಿ ನೀರಿನ ಮೇಲೆ ಜಾರುತ್ತಿತ್ತು. ಯಾವುದು ವೇಗ ಎಂದು ಹೇಳಬೇಕಾಗಿಲ್ಲ.

ಆಗಿನ ರೇಡಿಯೋಗಳ ಬಗ್ಗೆ ಒಂದು ವಿಷಯ ತಿಳಿದಿರಬೇಕು. ಪ್ರತಿ ಪೆಟ್ಟಿಗೆಯೊಳಗೆ ಒಂದು ಪುಟ್ಟ ಹರಳು, ದೋಣಿಯೊಳಗೆ ಅದರ ಜೋಡಿ ಹರಳು. ಒಂದೊಂದು ಜೋಡಿಗೂ ಒಂದೊಂದು ಬಣ್ಣದ ಗುರುತು. ನನ್ನದು ಕೆಂಪು, ಖಾಜಾಸಾಬನದು ಹಸಿರು, ಕಸ್ತೂರಬಾಯಿಯದು ಹಳದಿ. ಒಂದೇ ಬಣ್ಣದ ಎರಡು ಪೆಟ್ಟಿಗೆ ಏಕಕಾಲಕ್ಕೆ ಚಾಲೂ ಆದರೆ ದೋಣಿಗೆ ಯಾರ ಮಾತು ಕೇಳಬೇಕೋ ತಿಳಿಯುವುದಿಲ್ಲ. ಹತ್ತಿರದ ಪೆಟ್ಟಿಗೆಯೇ ಗೆಲ್ಲುತ್ತದೆ. ಅದಕ್ಕೇ ಖಾಜಾಸಾಬ ಒಂದು ಹಲಗೆಗೆ ಮೂರು ಬಣ್ಣದ ಬಟ್ಟೆ ಕ್ಲಿಪ್ಪು ಸಿಕ್ಕಿಸಿ ನಿಯಮ ಮಾಡಿದ್ದ. ನಿಮ್ಮ ಬಣ್ಣದ ಕ್ಲಿಪ್ಪು ತೆಗೆದುಕೊಳ್ಳದೆ ಪೆಟ್ಟಿಗೆ ಚಾಲೂ ಮಾಡಬಾರದು. ಆ ನಿಯಮ ನಮ್ಮ ಧರ್ಮವಾಗಿತ್ತು. ಅದನ್ನು ಮುರಿದವನು ನಾನು.

ಹರಳು ಒಡೆದರೆ ಇರಲಿ ಎಂದು ಕಸ್ತೂರಬಾಯಿ ನನ್ನ ಕಡೆಯಿಂದ ಸೊಲ್ಲಾಪುರದಿಂದ ಇನ್ನೊಂದು ಹಳದಿ ಜೋಡಿ ತರಿಸಿದ್ದಳು. ತಂದಿದ್ದೆ. ಕೊಡುವುದು ಮರೆತಿದ್ದೆ. ಮೊದಲು ನಿಜವಾಗಿಯೂ ಮರೆತದ್ದು — ಆಮೇಲೆ ನೆನಪಾಯಿತು, ಆದರೂ ಕೊಡಲಿಲ್ಲ.

ಆ ಚಳಿಗಾಲದ ಭಾನುವಾರ ಮೊದಲ ಸಲ ಜನ ಕರೆಸಿ ಸ್ಪರ್ಧೆ ಇಟ್ಟೆವು. ಗೆದ್ದವರು ಹೈದರಾಬಾದಿನ ದೊಡ್ಡ ಸ್ಪರ್ಧೆಗೆ ಹೋಗುವುದೆಂದು ಮಾತಾಗಿತ್ತು. ನನ್ನ ವಿದ್ಯಾರ್ಥಿಗಳು, ಸಹೋದ್ಯೋಗಿಗಳು, ಹೆಂಡತಿಯ ತವರಿನವರು, ಎಲ್ಲರೂ ಬಂದಿದ್ದರು. ನೀರಿನಲ್ಲಿ ಎರಡು ಪ್ಲಾಸ್ಟಿಕ್ ಕ್ಯಾನು ತೇಲಿಬಿಟ್ಟು ಅವುಗಳ ಸುತ್ತ ಮೂರು ಸುತ್ತು. ಒಂದು ದೋಣಿಯಾದ ಮೇಲೆ ಒಂದು. ಸಮಯ ಅಳೆಯುವುದು ಖಾಜಾಸಾಬ. ಆಗಲೇ ಓಡಿಸಿ ಮುಗಿಸಿದವನು ದೂರದ ಕ್ಯಾನಿನ ಹತ್ತಿರ ದಂಡೆಯ ಮೇಲೆ ನಿಂತು, ಮುಂದಿನ ದೋಣಿ ಸರಿಯಾಗಿ ಹೊರಗಿನಿಂದ ತಿರುಗಿತೇ ಎಂದು ನೋಡಬೇಕು.

ಕಸ್ತೂರಬಾಯಿಗಿಂತ ಮೊದಲು ನನ್ನ ಸರದಿ ಮುಗಿದಿತ್ತು. ದೂರದ ಕ್ಯಾನಿನ ಹತ್ತಿರ ನಿಂತವನು ನಾನು. ನನ್ನ ಹೆಗಲ ಚೀಲದಲ್ಲಿ ಇನ್ನೊಂದು ಪೆಟ್ಟಿಗೆ ಇತ್ತು. ಅದರಲ್ಲಿ ಹಳದಿ ಹರಳು — ಬೆಳಿಗ್ಗೆ ಮನೆಯಲ್ಲಿಯೇ ಹಾಕಿಕೊಂಡು ಬಂದಿದ್ದೆ. ಆ ಗಳಿಗೆಯಲ್ಲಿ ಬುದ್ಧಿ ಕೆಟ್ಟಿತು ಎಂದು ಹೇಳಲು ಬಾರದು. ಆಳಂದದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಕೆಟ್ಟತನ ಅದು.

ಮೊದಲ ಸುತ್ತಿನಲ್ಲೇ ಸಮಯದ ಲೆಕ್ಕದಲ್ಲಿ ಅವಳು ನನಗಿಂತ ಮುಂದಿದ್ದಳು. ಎರಡನೆಯ ಸುತ್ತಿಗೆ ಜನ ಎದ್ದು ನಿಂತರು. ದೋಣಿ ನನ್ನ ಕಡೆಗೆ ಬಂತು, ಹಿಂದೆ ಎತ್ತರಕ್ಕೆ ನೀರು ಚಿಮ್ಮಿಸುತ್ತ. ಚೀಲದೊಳಗೆ ಕೈ ಹಾಕಿ ಗುಂಡಿ ಒತ್ತಿದೆ. ಎರಡು ಸೆಕೆಂಡು, ಮೂರು ಸೆಕೆಂಡು, ಅಷ್ಟೇ. ದೋಣಿ ತಿರುಗಬೇಕಾದಲ್ಲಿ ತಿರುಗಲಿಲ್ಲ. ಪೂರ್ತಿ ವೇಗದಲ್ಲಿ ನೇರ ದಂಡೆಗೆ ಬಂದು ಬಂಡೆಗೆ ಹೊಡೆದು ಎರಡು ಹೋಳಾಯಿತು.

ಅವಳು ಪೆಟ್ಟಿಗೆ ಹಿಡಿದುಕೊಂಡೇ ಓಡಿಬಂದಳು. ಮೊಣಕಾಲೂರಿ ಹೋಳುಗಳನ್ನು ಎತ್ತಿದಳು. ರೇಡಿಯೋದಿಂದ ಬಂದ ಒಂದು ತಂತಿ ಕಿತ್ತು ಜೋತಾಡುತ್ತಿತ್ತು. ಹಿಂದೆಯೇ ಬಂದ ಖಾಜಾಸಾಬ ನನ್ನನ್ನು ಕೇಳಿದ, "ನೀವ್ ಹತ್ರ ಇದ್ರಿ, ಏನಾತ್ರಿ ಮಾಸ್ತರ್ರ?"

ನಾನು ಆ ತಂತಿ ತೋರಿಸಿ ಹೇಳಿದೆ, "ಬೆಸುಗಿ ಬಿಟ್ಟಿರಬೇಕು ನೋಡ್ರಿ."

ಆ ಒಂದು ಮಾತು — ದೋಣಿ ಒಡೆದದ್ದಕ್ಕಿಂತ ಇದು ದೊಡ್ಡ ಪಾಪ. ಮಾಸ್ತರ ಹೇಳಿದ ಮೇಲೆ ಮುಗಿಯಿತು. ಗುಂಪಿನಲ್ಲಿ ಯಾರೋ, ಮೋಟಾರು ಸುತ್ತುವ ಹುಡುಗಿಗೆ ಬೆಸುಗೆ ಹಾಕಲು ಬರುವುದಿಲ್ಲವಂತೆ ಎಂದು ನಕ್ಕರು. ಅವಳ ಅಪ್ಪ ತಲೆ ತಗ್ಗಿಸಿದರು. ಅವಳು ಆ ತಂತಿಯ ತುದಿಯನ್ನೇ ನೋಡುತ್ತ ಕುಳಿತಿದ್ದಳು. ಹೈದರಾಬಾದಿಗೆ ನಾನು ಹೋದೆ. ಅಲ್ಲಿ ಏನೂ ಗೆಲ್ಲಲಿಲ್ಲ, ಆದರೆ ಪತ್ರಿಕೆಯಲ್ಲಿ ಫೋಟೋ ಬಂತು. ಕಸ್ತೂರಬಾಯಿ ಮತ್ತೆ ದಂಡೆಗೆ ಬರಲಿಲ್ಲ. ಮರುವರ್ಷ ನಾನು ಅವಳ ಹಾಗೆಯೇ ಚಪ್ಪಟೆ ತಳ, ನಡುವೆ ಮೆಟ್ಟಿಲು ಇಟ್ಟು ಹೊಸ ದೋಣಿ ಮಾಡಿದೆ. ನೋಡಿ ಕಲಿತವರು ಅದಕ್ಕೆ 'ಆಳಂದ ತಳ' ಎಂದರು. ಅಲ್ಲ ಎನ್ನಲು ಬಾಯಿ ಬರಲಿಲ್ಲ.

ಈ ವರ್ಷ ಸಂಘದವರು ಮೊದಲಿಗರಿಗೆ ಸನ್ಮಾನ ಮಾಡಬೇಕೆಂದು ಗೊತ್ತುಮಾಡಿದರು. ಸಂಘದ ಕಾರ್ಯದರ್ಶಿ ಮಹಾನಂದಾ, ಅಫಜಲಪುರದಲ್ಲಿ ವಿಜ್ಞಾನ ಕಲಿಸುವ ಶಿಕ್ಷಕಿ; ಸದ್ಯ ಮೂರೂ ತಾಲೂಕಿನಲ್ಲಿ ಅವಳ ದೋಣಿಯೇ ಮುಂದು. ನನ್ನನ್ನು ಕರೆಯಲು ಆಳಂದಕ್ಕೆ ಬಂದವಳು ಬೇಸರದಿಂದ ಹೇಳಿದಳು, "ಖಾಜಾಸಾಬ್ ಅಜ್ಜಾರು ಒಪ್ಪ್ಯಾರ್ರಿ. ಜೇವರ್ಗಿ ಕಸ್ತೂರಬಾಯಾರು ಬರಲ್ಲ ಅಂತಾರ. ಬೆಸುಗಿ ಹಾಕಾಕ ಬರದಾಕಿಗಿ ಯಾಕ ಸನ್ಮಾನ ಅಂತ ಫೋನ್ ಇಟ್ಟಬಿಟ್ರು. ನೀವ್ ಹೇಳಿದ್ರ ಕೇಳ್ತಾರೇನೊ."

ನಾನು ಹೇಳಿದರೆ. ನಾನು.

ಕಲಬುರಗಿಗೆ ಹೋಗಿ ಬಸ್ಸು ಬದಲಿಸಿ ಜೇವರ್ಗಿಗೆ ಹೋದೆ. ನಿಜ ಹೇಳುತ್ತೇನೆ — ತಪ್ಪೊಪ್ಪಿಕೊಳ್ಳಲು ಹೋದವನಲ್ಲ. ಹಳೆಯದೆಲ್ಲ ಮರೆತುಬಿಡು, ಹೊಸಬರು ಪ್ರೀತಿಯಿಂದ ಕರೆಯುತ್ತಿದ್ದಾರೆ, ಬಾ — ಇಷ್ಟು ಮಾತು ಜೋಡಿಸಿಕೊಂಡಿದ್ದೆ. ಅಂಗಡಿ ಈಗ ದೊಡ್ಡದಾಗಿದೆ. ಅಪ್ಪ ತೀರಿಹೋಗಿ ಬಹಳ ವರ್ಷವಾಯಿತಂತೆ. ನಡೆಸುವವಳು ಅವಳೇ, ಕೈಕೆಳಗೆ ನಾಲ್ವರು ಕೆಲಸಗಾರರು. ನಲವತ್ತಾರರ ಹೆಂಗಸು, ಕನ್ನಡಕ ಬಂದಿದೆ. ಕೈ ಮಾತ್ರ ಅದೇ ಕೈ. ಬರ್ರಿ ಸರ ಎಂದು ಕುರ್ಚಿ ಕೊಟ್ಟು, ಕೈಯಲ್ಲಿದ್ದ ಮೋಟಾರು ಮುಗಿಸಿ ಮಾತಾಡುತ್ತೇನೆ ಎಂದಳು. ಕೂತು ನೋಡಿದೆ. ತಂತಿ ಸುತ್ತಿದಳು, ಸುತ್ತುಗಳನ್ನು ಕಟ್ಟಿದಳು, ತುದಿ ಕೆರೆದು ಹೊಳೆಯಿಸಿದಳು. ಆಮೇಲೆ ಮೋಟಾರನ್ನು ಪಕ್ಕದ ಕೆಲಸಗಾರನ ಕಡೆ ಸರಿಸಿ, "ಬೆಸುಗಿ ನೀ ಹಾಕಪಾ" ಎಂದಳು.

"ನೀನ ಹಾಕಂಗಿಲ್ಲೇನು?" ಎಂದು ಕೇಳಿದೆ.

"ಇಲ್ರಿ. ಅವತ್ತಿನಿಂದ ನಾ ಬೆಸುಗಿ ಮುಟ್ಟಿಲ್ಲ." ಅಳುದನಿ ಇರಲಿಲ್ಲ, ಮಳೆ ಬಂದಿಲ್ಲ ಎನ್ನುವಷ್ಟೇ ಸರಳವಾಗಿ ಹೇಳಿದಳು. "ಬೆಸುಗಿ ಬಿಟ್ಟು ಬಂಡಿಗಿ ಹೊಡೀತೊ, ಬಂಡಿಗಿ ಹೊಡದು ಬೆಸುಗಿ ಬಿಡ್ತೊ — ಅದೊಂದ ನನಗ ಗೊತ್ತಾಗ್ಲಿಲ್ಲ ನೋಡ್ರಿ. ನೀವ್ ಹೇಳಿದ್ರಲ್ಲ, ಹಾಂಗಾರ ಅದ ಖರೆ ಇರಬೇಕು ಅಂತ ಬಿಟ್ಟೆ."

ಜೋಡಿಸಿಕೊಂಡ ಮಾತೆಲ್ಲ ಪಕ್ಕಕ್ಕಿಟ್ಟೆ. ಹೇಳಿಬಿಟ್ಟೆ. ಹರಳು, ಚೀಲ, ಗುಂಡಿ — ಎಲ್ಲವನ್ನೂ, ಕೆಲಸಗಾರರ ಎದುರಿಗೇ.

ಅವಳು ಒಬ್ಬ ಮೆಕ್ಯಾನಿಕ್ ಕೇಳುವ ಹಾಗೆ ಕೇಳಿದಳು. "ಏರಿಯಲ್ ಎಷ್ಟ್ ಎಳದಿದ್ರಿ?" ಒಂದು ಗೇಣು ಎಂದೆ. "ದೋಣಿ ನಿಮ್ಮಿಂದ ಎಷ್ಟ್ ದೂರಿತ್ತು?" ಹತ್ತು ಹೆಜ್ಜೆ. "ನಾ ಎಷ್ಟ್ ದೂರಿದ್ದೆ?" ಅರವತ್ತು, ಎಪ್ಪತ್ತು ಹೆಜ್ಜೆ. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

"ಅಂದ್ರ ನನ್ ಬೆಸುಗಿ ಬಿಟ್ಟಿರಲಿಲ್ಲ."

"ಬಿಟ್ಟಿರಲಿಲ್ಲ ಕಸ್ತೂರಿ."

"ಇನ್ನೊಮ್ಮಿ ಹೇಳ್ರಿ."

ಹೇಳಿದೆ. ಅವಳು ಎದ್ದು ಕೆಲಸಗಾರನ ಕೈಯಿಂದ ಕಾದ ಬೆಸುಗೆಕಡ್ಡಿ ತೆಗೆದುಕೊಂಡಳು. ಆ ಮೋಟಾರಿನ ತುದಿಗಳಿಗೆ ತಾನೇ ಬೆಸುಗೆ ಹಾಕಿದಳು. ಮೊದಲನೆಯದನ್ನು ನಿಧಾನವಾಗಿ, ಎರಡನೆಯದನ್ನು ಸರಾಗವಾಗಿ. ಆರಿದ ಮೇಲೆ ಜಗ್ಗಿ ನೋಡಿದಳು. ಗಟ್ಟಿಯಾಗಿತ್ತು. ಆ ಮುಖದ ಮೇಲೆ ಆಗ ಬಂದ ಬೆಳಕನ್ನು ನಾನು ಯಾರ ಗೆಲುವಿನಲ್ಲೂ ಕಂಡಿಲ್ಲ. ಅದನ್ನು ಇಪ್ಪತ್ತಾರು ವರ್ಷ ತಡೆದಿಟ್ಟವನು ನಾನು.

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಇಲ್ಲಿ ಹೇಳಿದ್ರ ಸಾಲಂಗಿಲ್ರಿ," ಎಂದಳು. "ಅವತ್ತು ದಂಡಿ ಮ್ಯಾಲ ಹೇಳಿದ್ರಿ. ಇದನ್ನೂ ದಂಡಿ ಮ್ಯಾಲೇ ಹೇಳ್ರಿ. ನಾ ಬರ್ತೇನಿ. ಶಾಲು ಹೊದಿಸಿಕೊಳ್ಳಾಕ ಅಲ್ಲ, ದೋಣಿ ತಗೊಂಡು."

ಮುಂದಿನ ಆರು ವಾರ ಅವಳ ಅಂಗಡಿಯ ಹಿಂಭಾಗದಲ್ಲಿ ದೋಣಿ ಎದ್ದಿತು. ಮಹಾನಂದಾ ಜೇವರ್ಗಿಗೆ ಹೋಗಿ ಹೊಸ ಕಾಲದ ರೇಡಿಯೋ ತೋರಿಸಿಕೊಟ್ಟಳು. ಈಗಿನ ಪೆಟ್ಟಿಗೆಗಳು ತಮ್ಮ ತಮ್ಮ ದೋಣಿಯನ್ನು ತಾವೇ ಗುರುತು ಹಿಡಿಯುತ್ತವೆ, ಇನ್ನೊಬ್ಬರು ನಡುವೆ ಬರಲಾಗುವುದಿಲ್ಲ. ಅದನ್ನು ಕೇಳಿ ಕಸ್ತೂರಬಾಯಿ, "ಒಳ್ಳೇದಾತು" ಎಂದಷ್ಟೇ ಅಂದಳಂತೆ. ಕಾರಣ ಮಹಾನಂದಾಗೆ ಆಗ ಗೊತ್ತಿರಲಿಲ್ಲ. ಮೋಟಾರನ್ನು ಕಸ್ತೂರಬಾಯಿಯೇ ಬಿಚ್ಚಿ, ತನ್ನ ಲೆಕ್ಕದಂತೆ ಸುತ್ತಿ, ಪ್ರತಿಯೊಂದು ಬೆಸುಗೆಯನ್ನೂ ತಾನೇ ಹಾಕಿದಳು.

ಆ ಭಾನುವಾರ ಬೆಳಿಗ್ಗೆ ಭೀಮೆಯ ದಂಡೆಯ ಮೇಲೆ ಮುನ್ನೂರು ಜನ ಸೇರಿರಬೇಕು. ದೂರದ ಹಿರೋಳ್ಳಿಯಿಂದ ಟ್ರ್ಯಾಕ್ಸ್ ಜೀಪು ಬಾಡಿಗೆಗೆ ಮಾಡಿಕೊಂಡು ಬಂದವರಿದ್ದರು. ವೇದಿಕೆಯ ಮೇಲೆ ಮೂರು ಕುರ್ಚಿ. ಮಹಾನಂದಾ ನನ್ನ ಹೆಸರನ್ನೇ ಮೊದಲು ಕರೆದಳು: ಮೊದಲ ವಿಜೇತರು, ಆಳಂದ ತಳದ ನಿರ್ಮಾತೃ — ಶಾಲು ಕೈಗೆತ್ತಿಕೊಂಡಳು. ನಾನು ಅವಳ ಕೈ ತಡೆದು ಮೈಕು ತೆಗೆದುಕೊಂಡೆ.

ಮೇಲೆ ಬರೆದುದನ್ನೇ ಹೇಳಿದೆ, ಇದಕ್ಕಿಂತ ಚಿಕ್ಕದಾಗಿ. ಆ ಗೆಲುವು ಕಳುವಿನದು, ಆ ತಳ ಕಸ್ತೂರಬಾಯಿಯದು, ಆ ಬೆಸುಗೆ ಬಿಟ್ಟಿರಲಿಲ್ಲ ಎಂದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮುಂದಿನ ಸಾಲಿನಿಂದ ಎದ್ದು ಹಿಂದೆ ಹೋದ. ನನ್ನ ಹೆಂಡತಿ ನೆಲ ನೋಡುತ್ತಿದ್ದಳು — ಅವಳಿಗೂ ನಾನು ಹಿಂದಿನ ದಿನವಷ್ಟೇ ಹೇಳಿದ್ದೆ.

ಖಾಜಾಸಾಬನಿಗೀಗ ಎಂಬತ್ತರ ಹತ್ತಿರ. ಅವನು ತನ್ನ ಹಳೆಯ ಸ್ಟಾಪ್‌ವಾಚನ್ನು ಅಂಗೈಯಲ್ಲಿ ಹಿಡಿದುಕೊಂಡೇ ಕೂತಿದ್ದ. ನಿಧಾನವಾಗಿ ಹೇಳಿದ, "ಮಾಸ್ತರ್ರ, ಈ ಗಡಿಯಾರ ಉಮರ್‌ಭರ್ ಸುಳ್ಳ ಹೇಳಿಲ್ಲ. ಅವತ್ತ ಒಂದ್ ದಿನ ನಿಮ್ ಸಲುವಾಗಿ ಹೇಳ್ತು." ಮುಂದೆ ನನ್ನ ಕಡೆ ತಿರುಗಲಿಲ್ಲ.

ಮಹಾನಂದಾ ಶಾಲು ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದಳು. ಕಸ್ತೂರಬಾಯಿ ಎದ್ದಳು. "ಅದೆಲ್ಲ ಆಮ್ಯಾಲ ಮಾಡ್ರಿ ತಂಗಿ. ಮೊದಲ ನೀರಿಗಿ ಇಳಸೂಣು."

ಮೂರು ದೋಣಿ ಒಟ್ಟಿಗೆ ಬಿಟ್ಟರು: ಮಹಾನಂದಾಳದು, ಆಳಂದದ ಒಬ್ಬ ಯುವಕನದು, ಕಸ್ತೂರಬಾಯಿಯದು. ಮೂರೇ ಸುತ್ತು. ಸಿಳ್ಳೆ ಹಾಕಿದಾಗ ಅವಳದು ಹಿಂದೆ ಬಿತ್ತು. ಮೊದಲ ಸುತ್ತು ಮುಗಿಯುವವರೆಗೂ ಹಿಂದೆಯೇ ಇತ್ತು. ಕೈಗೆ ರೂಢಿ ತಪ್ಪಿದೆ ಎಂದು ಜನ ಪಿಸುಗುಟ್ಟಿದರು. ನನಗೆ ಮಾತ್ರ ಗೊತ್ತಾಯಿತು — ಅವಳು ನೀರು ನೋಡುತ್ತಿದ್ದಾಳೆ. ಎರಡನೆಯ ಸುತ್ತಿನ ನಡುವೆ ದೋಣಿಯ ಮೂತಿ ಎದ್ದಿತು. ನೀರು ಬಿಟ್ಟು ಮೇಲೆ ಜಾರತೊಡಗಿತು. ಆಳಂದದವನನ್ನು ದಾಟಿತು. ಕೊನೆಯ ತಿರುವಿನಲ್ಲಿ ಮಹಾನಂದಾ ಅಗಲವಾಗಿ ತಿರುಗಿದಳು. ಕಸ್ತೂರಬಾಯಿ ಕ್ಯಾನಿಗೆ ನಾಲ್ಕು ಬೆರಳು ಬಿಟ್ಟು ತಿರುಗಿಸಿದಳು. ಬಂಡೆಗಳು ಇದ್ದದ್ದು ಅಲ್ಲೇ. ಅವಳ ಹೆಬ್ಬೆರಳು ವೇಗ ಇಳಿಸಲಿಲ್ಲ.

ಒಂದು ದೋಣಿಯುದ್ದ ಮುಂದೆ ಗೆದ್ದಳು. ದಂಡೆಯೆಲ್ಲ ಎದ್ದು ನಿಂತಿತ್ತು. ಖಾಜಾಸಾಬ ಗಡಿಯಾರದ ಗುಂಡಿ ಒತ್ತಿ, ಕಣ್ಣಿನ ಹತ್ತಿರ ಹಿಡಿದು ನೋಡಿ, ಬೇರೆ ಯಾರಿಗೂ ಹೇಳದೆ ಕುಂಟುತ್ತ ಹೋಗಿ ಮೊದಲು ಅವಳಿಗೆ ತೋರಿಸಿದ. ಈವರೆಗೆ ಈ ನೀರಿನ ಮೇಲೆ ಅಷ್ಟು ಬೇಗ ಯಾರೂ ಮೂರು ಸುತ್ತು ಮುಗಿಸಿರಲಿಲ್ಲ. ಸೋತ ಮಹಾನಂದಾ ಓಡಿಬಂದು ಅವಳನ್ನು ತಬ್ಬಿಕೊಂಡಳು. ಜೇವರ್ಗಿಯ ನಾಲ್ವರು ಕೆಲಸಗಾರರು ತಮ್ಮ ಯಜಮಾನಿಯನ್ನು ಎತ್ತಿಕೊಳ್ಳಲು ಹೋಗಿ ಬೈಸಿಕೊಂಡರು. ಆಮೇಲೆ ಖಾಜಾಸಾಬನಿಗೂ ಅವಳಿಗೂ ಶಾಲು ಹೊದಿಸಿದರು. ಆ ದೋಣಿಯ ತಳಕ್ಕೆ 'ಜೇವರ್ಗಿ ತಳ' ಎಂದು ಹೆಸರಿಡುವುದಾಗಿ ಅಲ್ಲೇ ಸಾರಿದರು. ನಾನು ಜನರ ಹಿಂದೆ ನಿಂತು ಚಪ್ಪಾಳೆ ತಟ್ಟಿದೆ. ಅಂಗೈ ಉರಿಯುವವರೆಗೆ.

ಈಗ ಭಾನುವಾರ ಮುಂಜಾನೆ ಮೊದಲ ಬಸ್ಸಿಗೆ ಹೋಗುತ್ತೇನೆ. ಬ್ಯಾಟರಿ ಮುಗಿದೋ ಕಸ ಸಿಕ್ಕಿಕೊಂಡೋ ನಡುನೀರಿನಲ್ಲಿ ನಿಂತುಬಿಟ್ಟ ದೋಣಿಗಳನ್ನು ತೆಪ್ಪದಲ್ಲಿ ಹೋಗಿ ತರುವ ಕೆಲಸಕ್ಕೆ ಯಾರೂ ಒಪ್ಪುವುದಿಲ್ಲ. ಬಿಸಿಲು, ಒದ್ದೆ ಬಟ್ಟೆ, ಯಾರೂ ನೋಡುವುದೂ ಇಲ್ಲ. ಅದನ್ನು ನಾನು ಕೇಳಿ ತೆಗೆದುಕೊಂಡೆ. ಖಾಜಾಸಾಬ ಇನ್ನೂ ನನ್ನೊಡನೆ ಮಾತಾಡಿಲ್ಲ. ಕಸ್ತೂರಬಾಯಿ ಮಾತಾಡುತ್ತಾಳೆ, ಕ್ಷಮಿಸಿದೆ ಎಂದು ಅಂದಿಲ್ಲ, ನಾನೂ ಕೇಳಿಲ್ಲ. ಹೋದ ವಾರ ಅವಳ ದೋಣಿ ನೀರುಬಳ್ಳಿ ಸುತ್ತಿಕೊಂಡು ನಿಂತಿತು. ಹೋಗಿ ಬಿಡಿಸಿ, ಎರಡೂ ಕೈಯಲ್ಲಿ ಎತ್ತಿ ತಂದು ಅವಳ ಮುಂದಿಟ್ಟೆ. ಅವಳು ಅದನ್ನು ಅಡಿಮೇಲು ಮಾಡಿ, ಎಲ್ಲ ಕಡೆ ಕೈಯಾಡಿಸಿ ಪರೀಕ್ಷಿಸಿದಳು. ನಾನು ತಂದದ್ದನ್ನು ಅವಳು ಹಾಗೆ ಪರೀಕ್ಷಿಸುವುದು ನ್ಯಾಯವೇ. ಮುಗಿಯುವವರೆಗೆ ನಿಂತಿದ್ದು, ಮತ್ತೆ ತೆಪ್ಪ ಹತ್ತಿದೆ.